ಪರದೇಶದಲ್ಲಿ ಫೋನು, ಊರಿನಲ್ಲಿ ಸಿದ್ಧತೆ



ಬೆಂಗಳೂರಿನಿಂದ ಜಪಾನಿಗೆ ಈಗ ನೇರ ವಿಮಾನವಿದೆ. ಸುಮಾರು ಎಂಟು ಗಂಟೆ ಹಾರಿದರೆ ಟೋಕಿಯೊ ಬಳಿಯ ನರಿತಾ. ಕಂಪನಿ ಕೆಲಸಕ್ಕೆ ಹೋಗುವ ಇಂಜಿನಿಯರುಗಳಿದ್ದಾರೆ. ಓದಲು ಹೋಗುವ ಹುಡುಗ ಹುಡುಗಿಯರಿದ್ದಾರೆ. ಮಕ್ಕಳನ್ನು ನೋಡಿಬರಲು ಹೊರಟ ತಂದೆ ತಾಯಿಯರಿದ್ದಾರೆ. ಚೆರ್ರಿ ಹೂವಿನ ಕಾಲಕ್ಕೆ ಸರಿಯಾಗಿ ಹೊರಡುವ ಪ್ರವಾಸಿಗಳೂ ಇದ್ದಾರೆ. 2024ರಲ್ಲಿ ಹೊರದೇಶಗಳಿಂದ ಜಪಾನಿಗೆ ಬಂದವರು ಸುಮಾರು 3 ಕೋಟಿ 70 ಲಕ್ಷ ಮಂದಿ. ಅವರಲ್ಲಿ ಭಾರತೀಯರು 2 ಲಕ್ಷ 30 ಸಾವಿರದಷ್ಟು.

ಇವರೆಲ್ಲರ ಕೈಯಲ್ಲೂ ಒಂದೊಂದು ಫೋನಿದೆ. ದಾರಿ ಕೇಳುವುದು ಅದರಲ್ಲೇ. ಮಾತಾಡುವುದು ಅದರಲ್ಲೇ. ಟಿಕೆಟ್ಟು, ಹೋಟೆಲಿನ ಚೀಟಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ. ಹಾಗಾದರೆ ಯಾವ ಆ್ಯಪ್‌ಗಳನ್ನು ಹಾಕಿಕೊಂಡು ಹೋಗಬೇಕು? ಈ ಹೊತ್ತಿನ ಮಾತು ಅದರ ಬಗ್ಗೆ. ಉದಾಹರಣೆಗೆ ಜಪಾನನ್ನೇ ಇಟ್ಟುಕೊಳ್ಳೋಣ. ಅಲ್ಲಿ ಲಿಪಿ ಬೇರೆ. ವಿಳಾಸ ಬರೆಯುವ ಪದ್ಧತಿ ಬೇರೆ. ಊಟ ಬೇರೆ. ಮೇಲಾಗಿ ಅದು ಭೂಕಂಪದ ನಾಡು. ಅಲ್ಲಿಗೆ ಸಜ್ಜಾದ ಫೋನು ಬೇರೆಲ್ಲಿಗೆ ಹೋದರೂ ಹೆಚ್ಚುಕಡಿಮೆ ಸಜ್ಜಾಗಿಯೇ ಇರುತ್ತದೆ.

ಆ್ಯಪ್‌ಗಳು ಸಾವಿರಾರಿವೆ. ಆರಿಸಲು ಒಂದು ಪ್ರಶ್ನೆ ಸಾಕು. ಪ್ರತಿ ಆ್ಯಪ್ ಮುಂದೆಯೂ ಅದನ್ನೇ ಕೇಳಿ. ಇಂಟರ್ನೆಟ್ ಇಲ್ಲದಾಗ ಇದು ನನಗೆ ಏನು ಮಾಡಿಕೊಡುತ್ತದೆ? ಪರದೇಶದಲ್ಲಿ ನೆಟ್ ಕೈಕೊಡುವುದು ನಮಗೆ ಅದು ಅತ್ಯಗತ್ಯವಾದ ಕಡೆಯಲ್ಲೇ. ವಿಮಾನದಿಂದ ಇಳಿದ ಮೊದಲ ಅರ್ಧ ಗಂಟೆ, ನೆಲದಡಿಯ ರೈಲು ನಿಲ್ದಾಣ, ಬೆಟ್ಟದ ಮೇಲಿನ ದೇವಾಲಯ. ಅಲ್ಲಿ ನಿಂತುಕೊಂಡು ಆ್ಯಪ್ ಇಳಿಸಿಕೊಳ್ಳಲು ಹೋದರೆ ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ. ಸಿದ್ಧತೆ ಆಗಬೇಕಾದದ್ದು ಇಲ್ಲಿ, ನಮ್ಮ ಮನೆಯ ಜಗಲಿಯಲ್ಲಿ. ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ಮೊದಲನೆಯ ವಿಷಯ, ನೆಟ್ಟೇ.

ಪರದೇಶದಲ್ಲಿ ನೆಟ್ ಸಿಗಲು ಮುಖ್ಯವಾಗಿ ಮೂರು ದಾರಿ. ನಮ್ಮ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸುವುದು ಒಂದು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸಿಮ್ ಕೊಳ್ಳುವುದು ಎರಡು. ಇ-ಸಿಮ್ ಹಾಕಿಸುವುದು ಮೂರು. ಇ-ಸಿಮ್ ಎಂದರೆ ಕೈಗೆ ಸಿಗುವ ಚೂರೇನೂ ಇರುವುದಿಲ್ಲ. ದುಡ್ಡು ಕಟ್ಟಿದರೆ ಒಂದು ಕ್ಯೂಆರ್ ಸಂಕೇತ ಬರುತ್ತದೆ. ಅದನ್ನು ಫೋನಿಗೆ ಓದಿಸಿದರೆ ಸಿಮ್ ಒಳಗೇ ಕೂತುಕೊಳ್ಳುತ್ತದೆ. ಆದರೆ ಓದಿಸುವಾಗ ನೆಟ್ ಬೇಕು. ಆದ್ದರಿಂದ ಮನೆಯ ವೈಫೈಯಲ್ಲೇ ಈ ಕೆಲಸ ಮುಗಿಸಿ. ನಿಮ್ಮ ಫೋನು ಇ-ಸಿಮ್ ಒಪ್ಪುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಎಚ್ಚರ. ಅಲ್ಲಿನ ಸಿಮ್ ಬಂತೆಂದು ನಮ್ಮ ಸಿಮ್ಮನ್ನು ತೆಗೆದು ಪರ್ಸಿನಲ್ಲಿ ಇಡಬೇಡಿ. ಬ್ಯಾಂಕಿನ ಓಟಿಪಿ ಬರುವುದು ಆ ಸಂಖ್ಯೆಗೆ. ಹೊರಡುವ ಮೊದಲೇ ಕಂಪನಿಗೆ ಹೇಳಿ ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿ. ಆಮೇಲೆ ಅದರ ಡೇಟಾ ಮಾತ್ರ ಆಫ್ ಮಾಡಿ. ಆಗ ಡೇಟಾದ ಬಿಲ್ಲು ಏರುವುದಿಲ್ಲ, ಓಟಿಪಿಯೂ ತಪ್ಪುವುದಿಲ್ಲ. ಹೊಸ ಸಿಮ್ ಹಾಕಿದಾಗ ಸಂಖ್ಯೆ ಬದಲಾಯಿಸಲೇ ಎಂದು ವಾಟ್ಸ್ಆ್ಯಪ್ ಕೇಳಿದರೆ, ಬೇಡ ಎನ್ನಿ. ಮನೆಯವರು ಹುಡುಕುವುದು ನಿಮ್ಮ ಹಳೆಯ ಸಂಖ್ಯೆಯನ್ನೇ.

ಈಗ ವೀಸಾದ ಮಾತು. 2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗಳಿಗೆ ಜಪಾನ್ ಇ-ವೀಸಾ ಕೊಡುತ್ತಿದೆ. ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿ ಇಲ್ಲ. ವಿಮಾನ ನಿಲ್ದಾಣದಲ್ಲಿ ನಿಮ್ಮ ಫೋನಿನಲ್ಲಿ ಆ ವೀಸಾದ ಪುಟವನ್ನು ತೆರೆದು ತೋರಿಸಬೇಕು. ಗಮನವಿಟ್ಟು ಕೇಳಿ. ಅದು ಇಂಟರ್ನೆಟ್ ಮೂಲಕ ಆಗಷ್ಟೇ ತೆರೆದ ಪುಟವಾಗಿರಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಪಿಡಿಎಫ್ ನಡೆಯುವುದಿಲ್ಲ. ಕಾಗದದಲ್ಲಿ ಮುದ್ರಿಸಿಕೊಂಡು ಹೋದರೂ ನಡೆಯುವುದಿಲ್ಲ. ಅಂದರೆ ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಬಹಳ ಸ್ಪಷ್ಟ. ನೆಟ್ ಇಲ್ಲದೆ ಇದು ಏನನ್ನೂ ಮಾಡಿಕೊಡುವುದಿಲ್ಲ. ಆದ್ದರಿಂದ ಇಳಿದ ಕೂಡಲೇ ನೆಟ್ ಸಿಗುವ ಏರ್ಪಾಡು ಬೇಕೇ ಬೇಕು. ಆ ಪುಟಕ್ಕೆ ಪ್ರವೇಶಿಸುವ ಗುಟ್ಟು ಪದವನ್ನು ಮಗಳ ಹತ್ತಿರ ಕೇಳಿದರಾಯಿತು ಎಂದುಕೊಂಡು ಹೊರಡಬೇಡಿ.

ಇದಕ್ಕೆ ಹೊಂದಿಕೊಂಡು ಇನ್ನೊಂದು ಸೇವೆ ಇದೆ, ವಿಸಿಟ್ ಜಪಾನ್ ವೆಬ್. ಜಪಾನ್ ಸರ್ಕಾರದ್ದು. ಉಚಿತ. ವಲಸೆ ತಪಾಸಣೆಗೂ ಸುಂಕದ ತಪಾಸಣೆಗೂ ಬೇಕಾದ ವಿವರಗಳನ್ನು ಊರಲ್ಲೇ ತುಂಬಬಹುದು. ಒಂದು ಕ್ಯೂಆರ್ ಸಂಕೇತ ಸಿಗುತ್ತದೆ. ಅಲ್ಲಿ ಅದನ್ನು ಯಂತ್ರಕ್ಕೆ ತೋರಿಸಿದರೆ ಫಾರಂ ಬರೆಯುವ ಕೆಲಸ ತಪ್ಪುತ್ತದೆ. ಇಂಥ ಸೇವೆಗೆ ಯಾರಾದರೂ ಶುಲ್ಕ ಕೇಳಿದರೆ ಅದು ಸರ್ಕಾರದ ತಾಣವಲ್ಲ ಎಂದು ತಿಳಿಯಿರಿ.

ಇಷ್ಟು ಹೊತ್ತು ನೆಟ್ಟಿನ ಮತ್ತು ಪ್ರವೇಶದ ಮಾತಾಯಿತು. ನೆಟ್ ಇಳಿದ ಕೂಡಲೇ ಸಿಗಬೇಕು, ನಮ್ಮ ಸಿಮ್ ಜೀವಂತವಾಗಿರಬೇಕು, ಇ-ವೀಸಾ ಪುಟ ತೆರೆಯಬೇಕು. ಇನ್ನು ನಿಲ್ದಾಣದಿಂದ ಹೊರಗೆ ಬರೋಣ. ಎರಡನೆಯ ವಿಷಯ, ದಾರಿ.

ನಮ್ಮ ಬೆಂಗಳೂರಿನಲ್ಲಿ ಇಷ್ಟನೇ ಮೇನ್, ಇಷ್ಟನೇ ಕ್ರಾಸ್ ಎಂದರೆ ಮನೆ ಸಿಗುತ್ತದೆ. ಜಪಾನಿನ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಅಲ್ಲಿ ಸಂಖ್ಯೆ ಇರುವುದು ಬೀದಿಗಳ ನಡುವೆ ಸಿಕ್ಕ ಜಾಗದ ತುಂಡಿಗೆ. ಊರು, ಅದರೊಳಗೆ ಬಡಾವಣೆ, ಬಡಾವಣೆಯ ಭಾಗಕ್ಕೊಂದು ಸಂಖ್ಯೆ, ಆ ಭಾಗದ ತುಂಡಿಗೊಂದು ಸಂಖ್ಯೆ, ಕೊನೆಗೆ ಕಟ್ಟಡಕ್ಕೊಂದು ಸಂಖ್ಯೆ. ವಿಳಾಸ ಕೈಯಲ್ಲಿದ್ದರೂ ಯಾವ ಬೀದಿಗೆ ತಿರುಗಬೇಕೆಂದು ಅದು ಹೇಳುವುದಿಲ್ಲ. ಅಲ್ಲಿಯವರೇ ನಕಾಶೆ ನೋಡಿಕೊಂಡು ನಡೆಯುತ್ತಾರೆ. ಹಾಗಾಗಿ ನಕಾಶೆಯ ಆ್ಯಪ್ ಬೇಕೇ ಬೇಕು.

ಇಲ್ಲಿ ನಿಮಗೊಂದು ಒಳ್ಳೆಯ ಸುದ್ದಿ ಇದೆ. ನೀವು ಎಲ್ಲಿದ್ದೀರಿ ಎಂದು ತಿಳಿಯಲು ಫೋನಿಗೆ ಇಂಟರ್ನೆಟ್ ಬೇಕಿಲ್ಲ. ಅನೇಕರಿಗೆ ಇದು ಗೊತ್ತಿಲ್ಲ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂಬುದನ್ನು ಅವು ಎಡೆಬಿಡದೆ ಬಿತ್ತರಿಸುತ್ತವೆ. ನಿಮ್ಮ ಫೋನು ಅದನ್ನು ಬರೀ ಕೇಳಿಸಿಕೊಳ್ಳುತ್ತದೆ, ಈಗ ನಿಮ್ಮ ಮನೆಯ ರೇಡಿಯೊ ನನ್ನ ಮಾತನ್ನು ಕೇಳಿಸಿಕೊಂಡ ಹಾಗೆ. ಕೇಳುವುದಕ್ಕೆ ಬಾಡಿಗೆ ಇಲ್ಲ, ಸಿಮ್ ಬೇಕಿಲ್ಲ. ನಾಲ್ಕು ಉಪಗ್ರಹಗಳ ದನಿ ಕಿವಿಗೆ ಬಿದ್ದರೆ ಫೋನು ತನ್ನ ಜಾಗವನ್ನು ಲೆಕ್ಕಹಾಕಿ ಹೇಳುತ್ತದೆ. ನೆಟ್ ಇಲ್ಲದಿದ್ದರೆ ಕೆಲವೊಮ್ಮೆ ಮೊದಲ ಸಲ ಒಂದೆರಡು ನಿಮಿಷ ತಡವಾಗಬಹುದು. ಬಯಲಿನಲ್ಲಿ ನಿಂತು ಕಾಯಿರಿ, ಅಷ್ಟೇ.

ಹಾಗಾದರೆ ನೆಟ್ ಬೇಕಾಗುವುದು ಯಾವುದಕ್ಕೆ? ನಕಾಶೆಯ ಚಿತ್ರ ತರಿಸುವುದಕ್ಕೆ. ಆ ಚಿತ್ರ ಫೋನಿನೊಳಗೆ ಮೊದಲೇ ಇದ್ದರೆ ನಿಶ್ಚಿಂತೆ. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ಇದೆ. 2004ರಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್ ಯೋಜನೆಯ ನಕಾಶೆಗಳನ್ನು ಅದು ಬಳಸುತ್ತದೆ. ಲೋಕದಾದ್ಯಂತ ಸ್ವಯಂಸೇವಕರು ಸೇರಿಸಿ ಸೇರಿಸಿ ಬೆಳೆಸಿದ ನಕಾಶೆ ಅದು. ಟೋಕಿಯೊ ಭಾಗ, ಕ್ಯೋಟೊ ಭಾಗ ಎಂದು ಬೇಕಾದ್ದನ್ನು ಊರಲ್ಲೇ ಇಳಿಸಿಕೊಳ್ಳಿ. ನೆಟ್ ಇಲ್ಲದೆಯೂ ಅದು ನಡೆಯುವ ದಾರಿ ತೋರಿಸುತ್ತದೆ.

ಗೂಗಲ್ ಮ್ಯಾಪ್ಸ್ ನಿಮಗೆಲ್ಲ ಪರಿಚಿತ. ಜಪಾನಿನ ರೈಲುಗಳ ಮಟ್ಟಿಗೆ ಅದು ಬಹಳ ಉಪಕಾರಿ. ಯಾವ ಪ್ಲಾಟ್‌ಫಾರಂ, ಎಷ್ಟು ದುಡ್ಡು, ಯಾವ ದ್ವಾರದಿಂದ ಹೊರಗೆ ಬರಬೇಕು, ಎಲ್ಲವನ್ನೂ ಹೇಳುತ್ತದೆ. ದ್ವಾರದ ವಿಷಯ ಸಣ್ಣದಲ್ಲ. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ದಿನಕ್ಕೆ ಸುಮಾರು 30 ಲಕ್ಷ ಜನ ಅಲ್ಲಿ ಹಾದುಹೋಗುತ್ತಾರೆ. ತಪ್ಪು ದ್ವಾರದಲ್ಲಿ ಮೇಲೆ ಬಂದರೆ ಹತ್ತು ಹದಿನೈದು ನಿಮಿಷ ಸುತ್ತಬೇಕಾಗುತ್ತದೆ. ಆದರೆ ರೈಲಿನ ಈ ಮಾಹಿತಿ ನೆಟ್ ಇದ್ದಾಗ ಮಾತ್ರ. ಗೂಗಲಿನ ನಕಾಶೆಯನ್ನು ಇಳಿಸಿಟ್ಟುಕೊಂಡರೂ ಕಾರಿನ ದಾರಿ ಸಿಗುತ್ತದೆಯೇ ಹೊರತು ರೈಲಿನ ದಾರಿಯೂ ನಡಿಗೆಯ ದಾರಿಯೂ ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಬೆಳಿಗ್ಗೆ ಕೋಣೆಯ ವೈಫೈಯಲ್ಲೇ ಆ ದಿನದ ಪ್ರಯಾಣ ಹುಡುಕಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಆ ಚಿತ್ರದಲ್ಲಿ ಒಂದು ಗುರುತನ್ನು ಗಮನಿಸಿ. ಟೋಕಿಯೊ ಮೆಟ್ರೊದ ಪ್ರತಿ ನಿಲ್ದಾಣಕ್ಕೂ 2004ರಿಂದ ಒಂದು ಇಂಗ್ಲಿಷ್ ಅಕ್ಷರವೂ ಸಂಖ್ಯೆಯೂ ಇವೆ. ಗಿಂಜಾ ಮಾರ್ಗಕ್ಕೆ ಜಿ ಅಕ್ಷರ. ಒಂದು ತುದಿಯ ಶಿಬುಯ ಜಿ 1. ಇನ್ನೊಂದು ತುದಿಯ ಅಸಾಕುಸ ಜಿ 19. ನೀವು ಜಿ 9ರಲ್ಲಿ ಹತ್ತಿ ಜಿ 19ರಲ್ಲಿ ಇಳಿಯಬೇಕು ಎಂದುಕೊಳ್ಳಿ. ರೈಲು ಹೊರಟಾಗ ಮುಂದಿನ ನಿಲ್ದಾಣ 10 ಎಂದು ಬಂದರೆ ಸರಿಯಾದ ದಿಕ್ಕು. 8 ಎಂದು ಬಂದರೆ ಇಳಿದು ಎದುರಿನ ರೈಲು ಹತ್ತಬೇಕು. ಲಿಪಿ ಓದಲು ಬಾರದವರೂ ಎಣಿಸಿಕೊಂಡು ಊರು ಸುತ್ತಬಹುದು. ಆ್ಯಪ್ ತೋರಿಸುವ ಈ ಗುರುತನ್ನು ನೆನಪಿಟ್ಟರೆ, ಫೋನು ಕಿಸೆಗೆ ಹಾಕಿದ ಮೇಲೂ ಅದು ಕೆಲಸಕ್ಕೆ ಬರುತ್ತದೆ.

ಇಲ್ಲಿಗೆ ದಾರಿಯ ಮಾತು ಮುಗಿಯಿತು. ನಕಾಶೆ ಫೋನಿನೊಳಗೆ, ದಿನದ ಪ್ರಯಾಣ ಸ್ಕ್ರೀನ್‌ಶಾಟಿನಲ್ಲಿ, ನಿಲ್ದಾಣದ ಗುರುತು ತಲೆಯಲ್ಲಿ. ಮೂರನೆಯ ವಿಷಯ, ದುಡ್ಡು.

ನಮ್ಮಲ್ಲಿ ಎಳನೀರಿನ ಗಾಡಿಯವರಿಗೂ ಯುಪಿಐ ಇದೆ. ಆ ಅಭ್ಯಾಸದಲ್ಲಿ ಪರದೇಶಕ್ಕೆ ಹೋಗಬಾರದು. ಭೂತಾನ್, ನೇಪಾಳ, ಮಾರಿಷಸ್, ಶ್ರೀಲಂಕಾದಂಥ ಕೆಲವು ದೇಶಗಳಲ್ಲಿ ಯುಪಿಐ ನಡೆಯುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ 2024ರಿಂದ ನಡೆಯುತ್ತದೆ. ಅಲ್ಲಿ ಕೂಡ ಆ್ಯಪ್ ಒಳಗೆ ಅಂತರರಾಷ್ಟ್ರೀಯ ಪಾವತಿಯನ್ನು ನಾವೇ ಆನ್ ಮಾಡಿಕೊಂಡಿರಬೇಕು. ಜಪಾನಿನಲ್ಲಿ ಮಾತ್ರ ಯುಪಿಐಯನ್ನು ನಂಬಿಕೊಂಡು ಊಟಕ್ಕೆ ಕೂರಬೇಡಿ.

ಅಲ್ಲಿ ಬೇಕಾಗುವುದು ಕಾರ್ಡು, ಜೊತೆಗೆ ಸ್ವಲ್ಪ ನಗದು. ಕಾರ್ಡಿನ ಬಗ್ಗೆ ಒಂದು ನಿಯಮ ತಿಳಿದಿರಲಿ. 2020ರಲ್ಲಿ ರಿಸರ್ವ್ ಬ್ಯಾಂಕು ತಂದ ವ್ಯವಸ್ಥೆಯಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ಪರದೇಶದ ಬಳಕೆಯನ್ನು ನಾವೇ ತೆರೆಯಬೇಕು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿಭಾಗಕ್ಕೆ ಹೋಗಿ ಅಂತರರಾಷ್ಟ್ರೀಯ ಬಳಕೆ ಎಂಬುದನ್ನು ಆನ್ ಮಾಡಿ. ಮಿತಿಯನ್ನೂ ನೀವೇ ಹಾಕಿ. ವಾಪಸು ಬಂದ ಮೇಲೆ ಮರೆಯದೆ ಆಫ್ ಮಾಡಿ. ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ನೆಟ್ ಬೇಕು, ಓಟಿಪಿ ಬೇಕಾಗಬಹುದು. ಹಾಗಾಗಿ ಊರಲ್ಲೇ ಮುಗಿಸಿ. ನಗದು ಬೇಕಾದರೆ ಸೆವೆನ್ ಇಲೆವೆನ್ ಅಂಗಡಿಗಳಲ್ಲಿರುವ ಎಟಿಎಂಗಳು ಹೊರದೇಶದ ಕಾರ್ಡುಗಳನ್ನು ಒಪ್ಪುತ್ತವೆ. ಇಂಗ್ಲಿಷಿನಲ್ಲೂ ಮಾತಾಡುತ್ತವೆ.

ರೈಲು ಬಸ್ಸುಗಳಿಗೆ ಇನ್ನೊಂದು ಕಾರ್ಡಿದೆ, ಸುಯಿಕಾ. 2001ರ ನವೆಂಬರಿನಲ್ಲಿ ಟೋಕಿಯೊದಲ್ಲಿ ಶುರುವಾಯಿತು. ದುಡ್ಡು ತುಂಬಿ, ಗೇಟಿನ ಮೇಲೆ ಮುಟ್ಟಿಸಿ, ನಡೆಯಿರಿ. 2013ರಿಂದ ಇಂಥ ಹತ್ತು ಕಾರ್ಡುಗಳು ಒಂದರ ಊರಿನಲ್ಲಿ ಇನ್ನೊಂದು ನಡೆಯುವಂತೆ ಹೊಂದಿಕೊಂಡಿವೆ. ಸುಯಿಕಾ ಹಿಡಿದು ಒಸಾಕಾದಲ್ಲೂ ಓಡಾಡಬಹುದು. ಅಂಗಡಿಯಲ್ಲಿ ನೀರಿನ ಬಾಟಲಿಗೂ ಕೊಡಬಹುದು. ಇದರೊಳಗೆ ಬ್ಯಾಟರಿ ಇಲ್ಲ. ಗೇಟಿನ ಯಂತ್ರ ಹೊಮ್ಮಿಸುವ ರೇಡಿಯೊ ತರಂಗದಿಂದಲೇ ಕಾರ್ಡಿನ ಚಿಪ್ಪಿಗೆ ಶಕ್ತಿ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಮುಗಿಯುತ್ತದೆ.

ಸುಯಿಕಾವನ್ನು ಫೋನಿನೊಳಗೂ ಇಟ್ಟುಕೊಳ್ಳಬಹುದು. ಇತ್ತೀಚಿನ ಐಫೋನುಗಳಲ್ಲಿ ಅದು ಸಾಧ್ಯ. ಆದರೆ ಭಾರತದಲ್ಲಿ ಮಾರುವ ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಆಗುವುದಿಲ್ಲ. ಅದಕ್ಕೆ ಬೇಕಾದ ಫೆಲಿಕಾ ಎಂಬ ತಂತ್ರಜ್ಞಾನದ ಸೌಲಭ್ಯ ಅವುಗಳಲ್ಲಿ ಇರುವುದಿಲ್ಲ. ಬೇಸರ ಬೇಡ. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗಳಿಗೆಂದೇ ವೆಲ್‌ಕಮ್ ಸುಯಿಕಾ ಎಂಬ ಪ್ಲಾಸ್ಟಿಕ್ ಕಾರ್ಡು ಸಿಗುತ್ತದೆ. 28 ದಿನ ನಡೆಯುತ್ತದೆ. ಉಳಿದ ದುಡ್ಡು ವಾಪಸು ಬರುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ತುಂಬಿಸಿ. ನನ್ನ ಮಾತು ಕೇಳುವುದಾದರೆ ಹಿರಿಯರಿಗೆ ಪ್ಲಾಸ್ಟಿಕ್ ಕಾರ್ಡೇ ಮೇಲು. ಫೋನಿನ ಚಾರ್ಜು ತೀರಿದರೂ ಅದು ಗೇಟು ತೆರೆಯುತ್ತದೆ.

ದುಡ್ಡಿನ ಬಗ್ಗೆ ಹೇಳಿದ್ದನ್ನು ಒಟ್ಟು ಮಾಡೋಣ. ಕಾರ್ಡನ್ನು ಊರಲ್ಲೇ ತೆರೆಯಿಸಿ, ಯುಪಿಐಯನ್ನು ನೆಚ್ಚಬೇಡಿ, ರೈಲಿಗೆ ಮುಟ್ಟಿಸುವ ಕಾರ್ಡು ಕೊಳ್ಳಿ. ನಾಲ್ಕನೆಯದು ಮಾತು ಮತ್ತು ಊಟ. ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ನಮ್ಮಲ್ಲಿ ಸಸ್ಯಾಹಾರಿಗಳು ಬಹಳ. ಅವರಿಗೆ ಜಪಾನಿನಲ್ಲಿ ಮಾತು ಬೇಕಾಗುವುದು ಹೆಚ್ಚಾಗಿ ಊಟದ ಹೊತ್ತಿನಲ್ಲೇ.

ಗೂಗಲ್ ಟ್ರಾನ್ಸ್‌ಲೇಟ್‌ಗೆ 2011ರಲ್ಲಿ ಕನ್ನಡ ಸೇರಿತು. ಇಂದು ಅದರಲ್ಲಿ ಕನ್ನಡದಲ್ಲಿ ಬರೆದರೆ ಜಪಾನೀ ಭಾಷೆಯಲ್ಲಿ ಬರುತ್ತದೆ, ಓದಿಯೂ ಹೇಳುತ್ತದೆ. ನೆಟ್ ಇಲ್ಲದಾಗಲೂ ಅನುವಾದ ಮಾಡಲು ಭಾಷೆಯ ಕಡತಗಳನ್ನು ಇಳಿಸಿಟ್ಟುಕೊಳ್ಳಬಹುದು. ಕನ್ನಡ, ಇಂಗ್ಲಿಷ್, ಜಪಾನೀ, ಮೂರನ್ನೂ ಮನೆಯಲ್ಲೇ ಇಳಿಸಿಕೊಳ್ಳಿ. ಯಂತ್ರದೊಂದಿಗೆ ಮಾತಾಡುವಾಗ ವಾಕ್ಯ ಚಿಕ್ಕದಿರಲಿ. ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬಂಥ ಮಾತು ಬೇಡ. ‘ನನಗೆ ಕೆಳಗಿನ ಮಹಡಿಯ ಕೋಣೆ ಬೇಕು. ನನಗೆ ಮಂಡಿ ನೋವಿದೆ.’ ಹೀಗೆ ಹೇಳಿ. ಬಂದ ಅನುವಾದವನ್ನು ತಿರುಗಿಸಿ ಮತ್ತೆ ಕನ್ನಡಕ್ಕೆ ತನ್ನಿ. ನೀವು ಹೇಳಿದ್ದೇ ಬಂದರೆ ಧೈರ್ಯವಾಗಿ ತೋರಿಸಿ. ಔಷಧಿ, ಕಾಯಿಲೆ, ಪೊಲೀಸು, ಇಂಥ ವಿಷಯದಲ್ಲಿ ಮಾತ್ರ ಯಂತ್ರವನ್ನೇ ನೆಚ್ಚಿ ಕೂರದೆ ಮನುಷ್ಯರ ಸಹಾಯ ಕೇಳಿ.

ಈಗ ಊಟಕ್ಕೆ ಬರೋಣ. ಜಪಾನಿನ ಬೀದಿಬೀದಿಯಲ್ಲೂ ದಿನವಿಡೀ ತೆರೆದಿರುವ ಚಿಕ್ಕ ಅಂಗಡಿಗಳಿವೆ. ಅಲ್ಲಿ ಒನಿಗಿರಿ ಎಂಬ ಅನ್ನದ ತಿನಿಸು ಸಿಗುತ್ತದೆ. ಅಂಗೈ ಅಗಲ, ಮುಮ್ಮೂಲೆಯ ಆಕಾರ. ಹೊರಗೆ ಕಪ್ಪು ಹಸಿರಿನ ಕಡಲಪಾಚಿಯ ಹಾಳೆ ಸುತ್ತಿರುತ್ತಾರೆ. ಒಳಗೆ ಒಂದು ಹೂರಣ. ಹುಳಿ ಉಪ್ಪಿನ ಉಮೆ ಹಣ್ಣಿನ ಹೂರಣ ಎಂದರೆ ನಮ್ಮ ಸಸ್ಯಾಹಾರಿಗಳು ಸಂತೋಷದಿಂದ ಕೈಚಾಚುತ್ತಾರೆ. ಒಂದು ನಿಮಿಷ ನಿಲ್ಲಿ. ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಿ. ಅಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿವೆ. ಅನುವಾದದ ಆ್ಯಪ್‌ನ ಕ್ಯಾಮೆರಾ ತೆರೆದು ಅದರ ಮೇಲೆ ಹಿಡಿಯಿರಿ. ಕೈ ಅಲುಗದಿರಲಿ, ಬೆಳಕು ಬೀಳಲಿ. ಅಕ್ಷರಗಳಿದ್ದ ಜಾಗದಲ್ಲೇ ನಿಮಗೆ ಗೊತ್ತಿರುವ ಭಾಷೆಯ ಪದಗಳು ಮೂಡುತ್ತವೆ. ಅಕ್ಕಿ, ಉಪ್ಪು, ಉಮೆ ಹಣ್ಣು, ಕಡಲಪಾಚಿ. ಆಮೇಲೆ ಕೆಲವು ಪೊಟ್ಟಣಗಳಲ್ಲಿ ಇನ್ನೊಂದು ಪದ ಕಾಣುತ್ತದೆ, ಬೊನಿಟೊ ಸತ್ವ. ಬೊನಿಟೊ ಎಂದರೆ ಮೀನು. ಜಪಾನಿನಲ್ಲಿ ಅದಕ್ಕೆ ಕತ್ಸುವೊ ಎನ್ನುತ್ತಾರೆ. ಅದನ್ನು ಒಣಗಿಸಿ, ಹೊಗೆ ಕೊಟ್ಟು, ತೆಳ್ಳಗೆ ಹೆರೆದು, ಬಿಸಿನೀರಿನಲ್ಲಿ ಹಾಕಿ ತೆಗೆದ ರಸವೇ ದಾಶಿ. ಸೂಪು, ನೂಡಲ್ಸು, ಬೇಯಿಸಿದ ತರಕಾರಿ, ಹೆಚ್ಚಿನ ಅಡುಗೆಯ ತಳದಲ್ಲಿ ಆ ರಸವಿರುತ್ತದೆ. ಕಣ್ಣಿಗೆ ಮೀನಿನ ತುಂಡು ಕಾಣುವುದಿಲ್ಲ. ಬಡಿಸುವವರೂ ಇದು ತರಕಾರಿಯದ್ದೇ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ.

ಇನ್ನೊಂದು ಮಾತು. ಪೊಟ್ಟಣದ ಮೇಲೆ ಅಲರ್ಜಿ ಕೊಡುವ ಪದಾರ್ಥಗಳ ಪಟ್ಟಿಯೂ ಇರುತ್ತದೆ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇವುಗಳನ್ನು ಅಲ್ಲಿ ತಿಳಿಸುವುದು ಕಡ್ಡಾಯ. ಮೊಟ್ಟೆ ತಿನ್ನದವರಿಗೆ ಇದರಿಂದ ಅನುಕೂಲ. ಆದರೆ ಬೊನಿಟೊ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಹಾಗಾಗಿ ಸಸ್ಯಾಹಾರಿಗಳು ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಿಸಬೇಕು. ಇಷ್ಟು ಸಣ್ಣ ಅಕ್ಷರವಿದ್ದಾಗ ಇಂಗ್ಲಿಷಿಗೆ ಅನುವಾದ ಮಾಡಿಸಿದರೆ ತಪ್ಪು ಕಡಿಮೆ.

ಹೋಟೆಲಿನ ಊಟಕ್ಕೆ ಪೊಟ್ಟಣವಿಲ್ಲ. ಅಲ್ಲಿಗೆ ಬೇರೆ ಉಪಾಯ. ಊರಲ್ಲಿರುವಾಗಲೇ ನಾಲ್ಕು ವಾಕ್ಯ ಬರೆದು ಅನುವಾದಿಸಿಟ್ಟುಕೊಳ್ಳಿ. ‘ನಾನು ಮಾಂಸ ತಿನ್ನುವುದಿಲ್ಲ. ಮೀನು ತಿನ್ನುವುದಿಲ್ಲ. ಮೀನಿನ ದಾಶಿಯೂ ಬೇಡ. ಹಾಲು ಆಗಬಹುದು.’ ಜಪಾನೀ ಬಲ್ಲವರು ಯಾರಾದರೂ ಇದ್ದರೆ ಒಮ್ಮೆ ತೋರಿಸಿ ಸರಿಮಾಡಿಸಿ. ದೊಡ್ಡ ಅಕ್ಷರದ ಚಿತ್ರವಾಗಿ ಫೋನಿನಲ್ಲಿಡಿ. ಸಸ್ಯಾಹಾರದ ಹೋಟೆಲುಗಳನ್ನು ಹುಡುಕಲು ಹ್ಯಾಪಿಕೌ ಎಂಬ ಆ್ಯಪ್ ಇದೆ. ಕ್ಯೋಟೊದಂಥ ಊರಿನಲ್ಲಿ, ಕೋಯಾಸಾನ್ ಬೆಟ್ಟದ ಮಠಗಳಲ್ಲಿ, ಬೌದ್ಧ ಭಿಕ್ಷುಗಳ ಸಂಪ್ರದಾಯದ ಸಸ್ಯಾಹಾರದ ಊಟವೂ ಸಿಗುತ್ತದೆ. ಅದಕ್ಕೆ ಶೋಜಿನ್ ರ್ಯೋರಿ ಎಂದು ಹೆಸರು. ಮೊದಲೇ ಕಾಯ್ದಿರಿಸಿ.

ನೆಟ್, ದಾರಿ, ದುಡ್ಡು, ಮಾತು ಮತ್ತು ಊಟ, ಇಲ್ಲಿಗೆ ನಾಲ್ಕಾಯಿತು. ಐದನೆಯದು ಜೀವದ ರಕ್ಷಣೆ.

ಜಪಾನಿನಲ್ಲಿ ಭೂಮಿ ಆಗಾಗ ನಡುಗುತ್ತದೆ. ಹೆಚ್ಚಿನವು ಸಣ್ಣವು. ಅಲ್ಲಿ 2007ರ ಅಕ್ಟೋಬರಿನಿಂದ ಸಾರ್ವಜನಿಕರಿಗೆ ಭೂಕಂಪದ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಅದು ಭವಿಷ್ಯ ಹೇಳುವ ಕೆಲಸವಲ್ಲ. ಭೂಮಿ ಬಿರಿದಾಗ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲನೆಯದು ವೇಗದ ಅಲೆ, ಸೆಕೆಂಡಿಗೆ ಸುಮಾರು ಏಳು ಕಿಲೋಮೀಟರ್. ಅದರಿಂದ ಹಾನಿ ಕಡಿಮೆ. ಎರಡನೆಯದು ನಿಧಾನದ್ದು, ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಮೀಟರ್. ಮನೆ ಅಲ್ಲಾಡಿಸುವುದು ಅದು. ಮೊದಲ ಅಲೆ ಸಿಕ್ಕ ಕೂಡಲೇ ಯಂತ್ರಗಳು ಲೆಕ್ಕಹಾಕಿ ಎಲ್ಲೆಡೆ ಎಚ್ಚರಿಸುತ್ತವೆ. ನೂರು ಕಿಲೋಮೀಟರ್ ದೂರದಲ್ಲಿ ಈ ಎರಡು ಅಲೆಗಳ ನಡುವೆ ಹತ್ತು ಸೆಕೆಂಡಿನಷ್ಟು ಅಂತರ. ಮೇಜಿನಡಿ ನುಸುಳಲು, ಒಲೆಯಿಂದ ದೂರ ಸರಿಯಲು ಅಷ್ಟು ಸಮಯ ಬೆಲೆಬಾಳುತ್ತದೆ. ಕೇಂದ್ರ ತೀರ ಹತ್ತಿರವಿದ್ದರೆ ಮಾತ್ರ ಎಚ್ಚರಿಕೆಗಿಂತ ಮೊದಲೇ ನೆಲ ನಡುಗಬಹುದು.

ಅಲ್ಲಿನ ಫೋನುಗಳಿಗೆ ಈ ಎಚ್ಚರಿಕೆ ಜಪಾನೀ ಭಾಷೆಯಲ್ಲಿ ಬರುತ್ತದೆ. ಪ್ರವಾಸಿಗಳಿಗೆಂದು ಸೇಫ್ಟಿ ಟಿಪ್ಸ್ ಎಂಬ ಉಚಿತ ಆ್ಯಪ್ ಇದೆ. ಜಪಾನಿನ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯದು, 2014ರಿಂದ ನಡೆಯುತ್ತಿದೆ. ಭೂಕಂಪ, ಸುನಾಮಿ, ಬಿರುಗಾಳಿಯ ಎಚ್ಚರಿಕೆಗಳು ಇಂಗ್ಲಿಷಿನಲ್ಲೂ ಬರುತ್ತವೆ. ಆಗ ಏನು ಮಾಡಬೇಕೆಂಬ ಸೂಚನೆಯೂ ಇರುತ್ತದೆ. ನೆಟ್ ಇದ್ದರೆ ಮಾತ್ರ ಈ ಆ್ಯಪ್‌ಗೆ ಎಚ್ಚರಿಕೆ ಬರುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಸೂಚನೆಗಳನ್ನು ಇಲ್ಲೇ ಒಮ್ಮೆ ಓದಿಕೊಂಡು ಹೋಗಿ. ನೆಲ ನಡುಗುವಾಗ ಓದುತ್ತ ಕೂರಲು ಆಗುವುದಿಲ್ಲ.

ಈಗ ಅಲ್ಲಿನ ತುರ್ತು ಸಂಖ್ಯೆಗಳು. ಪೊಲೀಸರಿಗೆ 110. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119. ಇನ್ನೊಮ್ಮೆ ಹೇಳುತ್ತೇನೆ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119. ಟೋಕಿಯೊದಲ್ಲಿರುವ ಭಾರತದ ರಾಯಭಾರ ಕಚೇರಿಯ ಸಂಖ್ಯೆಯನ್ನೂ ಉಳಿಸಿಟ್ಟುಕೊಳ್ಳಿ. ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಎಂಬ ಸೇವೆ 2015ರಿಂದ ಇದೆ. ಪರದೇಶದಲ್ಲಿ ತೊಂದರೆಗೆ ಸಿಕ್ಕ ಭಾರತೀಯರು ಅದರಲ್ಲಿ ದೂರು ದಾಖಲಿಸಬಹುದು. ದೊಡ್ಡ ಅನಾಹುತವಾದಾಗ ಇನ್ನೊಂದು ಪಾಠ ನೆನಪಿರಲಿ. 2011ರ ಮಾರ್ಚ್ 11ರ ಮಹಾಭೂಕಂಪದ ದಿನ ಜಪಾನಿನಲ್ಲಿ ಫೋನ್ ಕರೆಗಳು ಹೋಗುವುದೇ ಕಷ್ಟವಾಯಿತು. ಲಿಖಿತ ಸಂದೇಶಗಳು ಅದಕ್ಕಿಂತ ಚೆನ್ನಾಗಿ ಹೋದವು. ಆ ಅನುಭವದ ಬೆನ್ನಿಗೇ ಅದೇ ವರ್ಷ ಜೂನಿನಲ್ಲಿ ಲೈನ್ ಎಂಬ ಸಂದೇಶದ ಆ್ಯಪ್ ಬಂತು. ಇಂದು ಅಲ್ಲಿಯವರ ಮನೆಮಾತು ಅದು. ಹಾಗಾಗಿ ಕರೆ ಹೋಗದಿದ್ದರೆ ಗಾಬರಿಯಾಗಬೇಡಿ. ‘ಕ್ಷೇಮವಾಗಿದ್ದೇನೆ’ ಎಂದು ಬರೆದು ಕಳಿಸಿ. ಊರಿನವರಿಗೂ ಈ ಏರ್ಪಾಡು ಮೊದಲೇ ಗೊತ್ತಿರಲಿ.

ಈ ಐದೂ ಸೇವೆ ನಿಂತಿರುವುದು ಫೋನಿನ ಬ್ಯಾಟರಿಯ ಮೇಲೆ. ಜಪಾನಿನ ವಿದ್ಯುತ್ತು 100 ವೋಲ್ಟ್. ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿಗಳು. ನಮ್ಮ ದುಂಡು ಕಡ್ಡಿ ಒಳಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಫೋನಿನ ಚಾರ್ಜರಿಗೆ 100 ವೋಲ್ಟ್ ಸಾಕಾಗುತ್ತದೆ, ಅಡಾಪ್ಟರ್ ಒಂದು ಕೊಂಡರೆ ಆಯಿತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ವಿಮಾನದ ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಅದಕ್ಕೆ ಅನುಮತಿಯಿಲ್ಲ. ಫೋನೇ ಕಳೆದುಹೋದರೆ? ಅದಕ್ಕೂ ಸಿದ್ಧತೆ ಬೇಕು. ಒಂದು ಕಾಗದದಲ್ಲಿ ಉಳಿದುಕೊಳ್ಳುವ ಜಾಗದ ವಿಳಾಸ ಜಪಾನೀ ಲಿಪಿಯಲ್ಲಿ, ಮನೆಯವರ ಎರಡು ಸಂಖ್ಯೆ, ಪಾಸ್‌ಪೋರ್ಟಿನ ನಕಲು. ಇದು ಫೋನಿನ ಚೀಲದಲ್ಲಿ ಬೇಡ, ಬೇರೆ ಕಡೆ ಇರಲಿ.

ಕೇಳುಗರೇ, ಇಷ್ಟನ್ನೂ ಒಮ್ಮೆ ಸುತ್ತಿ ನೋಡೋಣ. ಕೆಲವು ಸೇವೆಗಳು ನೆಟ್ ಇಲ್ಲದೆ ನಡೆಯುವುದೇ ಇಲ್ಲ. ಇ-ವೀಸಾ ಪುಟ, ರೈಲಿನ ಮಾಹಿತಿ, ಭೂಕಂಪದ ಎಚ್ಚರಿಕೆ ಆ ಸಾಲಿಗೆ ಸೇರಿದವು. ಕೆಲವು ಮೊದಲೇ ಇಳಿಸಿಟ್ಟರೆ ನಡೆಯುತ್ತವೆ. ನಕಾಶೆ ಮತ್ತು ಅನುವಾದ ಅಂಥವು. ಕೆಲವಕ್ಕೆ ಫೋನಿಗಿಂತ ಪ್ಲಾಸ್ಟಿಕ್ ಕಾರ್ಡು ಅಥವಾ ಕಾಗದವೇ ವಾಸಿ. ಯಾವುದು ಯಾವ ಸಾಲಿನದು ಎಂದು ತಿಳಿದು ಹೊರಟವರಿಗೆ ಪರದೇಶ ಹೆದರಿಕೆ ಹುಟ್ಟಿಸುವುದಿಲ್ಲ.

ವಿಶೇಷವಾಗಿ ಹಿರಿಯರಿಗೆ ಹೇಳುತ್ತೇನೆ. ಮಗನೋ ಸೊಸೆಯೋ ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಎಂದು ಫೋನನ್ನು ಅವರ ಕೈಗೆ ಕೊಟ್ಟು ಕೂರಬೇಡಿ. ಅವರು ಕೆಲಸಕ್ಕೆ ಹೋದ ಹಗಲಿನಲ್ಲಿ ನೀವೇ ಹೊರಗೆ ಹೋಗಿ, ಉದ್ಯಾನ ನೋಡಿ, ಹಣ್ಣು ಕೊಂಡು, ಮನೆಗೆ ಮರಳಿ ಬರಬಹುದು. ಆ ಸ್ವಾತಂತ್ರ್ಯ ನಿಮಗೆ ಸಿಗಬೇಕು. ಮಕ್ಕಳೂ ಅಷ್ಟೇ, ತಂದೆ ತಾಯಿಯ ಫೋನನ್ನು ಕಿತ್ತುಕೊಂಡು ತಾವೇ ಮಾಡಿಕೊಡುವ ಬದಲು ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಮಾಡಿಸಿ.

ಅದಕ್ಕೊಂದು ಅಭ್ಯಾಸ ಹೇಳಿ ಮುಗಿಸುತ್ತೇನೆ. ಹೊರಡುವ ವಾರದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನೀವಿರುವ ಊರಿನ ನಕಾಶೆಯನ್ನೂ ಆರ್ಗ್ಯಾನಿಕ್ ಮ್ಯಾಪ್ಸ್‌ಗೆ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಆಫ್ ಮಾಡಿ. ಹಾಗೆಯೇ ಮನೆಯಿಂದ ಹೊರಟು ನಕಾಶೆ ನೋಡಿಕೊಂಡು ನಾಲ್ಕು ಬೀದಿ ಸುತ್ತಿ ಬನ್ನಿ. ನಿಮ್ಮ ಗುರುತಿನ ಚುಕ್ಕೆ ನಿಮ್ಮೊಡನೆ ನಡೆಯುತ್ತದೆಯೇ ನೋಡಿ. ಒಂದು ಕನ್ನಡ ವಾಕ್ಯವನ್ನು ಜಪಾನೀ ಭಾಷೆಗೆ ಅನುವಾದಿಸಿ ನೋಡಿ. ಊಟದ ನಾಲ್ಕು ವಾಕ್ಯದ ಚಿತ್ರ ತೆರೆಯಿರಿ. ಟಿಕೆಟ್ಟು, ಹೋಟೆಲಿನ ಚೀಟಿ ಸಿಗುತ್ತವೆಯೇ ಹುಡುಕಿ. ಏನು ಸಿಗಲಿಲ್ಲವೋ ಅದನ್ನು ಅಂದೇ ರಾತ್ರಿ ಸರಿಮಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ಒಮ್ಮೆ ಪಾಸಾದ ಫೋನು ಶಿಂಜುಕುವಿನಲ್ಲೂ ನಿಮ್ಮ ಮಾತು ಕೇಳುತ್ತದೆ.